ಲಿಂಕ್ ಕೊಟ್ಟರೆ ಫೈಲ್ ಯಾಕೆ ಕಳಿಸುತ್ತೀರಿ?

ನಮ್ಮ ‘ಮನೆಮಂದಿ’ ವಾಟ್ಸಾಪ್ ಗುಂಪಿನಲ್ಲಿ ಶುಭೋದಯದ ಚಿತ್ರ ಬಿಟ್ಟರೆ ಬೇರೆ ಬರುವುದು ಕಡಿಮೆ. ಕಳೆದ ಭಾನುವಾರ ಮಾತ್ರ ನನ್ನ ತಂಗಿ ಸ್ಮಿತಾ ಹಾಕಿದ ತನ್ನ ಒಂದು ಯೂಟ್ಯೂಬ್ ವಿಡಿಯೋ ಮೇಲೆ ರಾತ್ರಿವರೆಗೂ ಜಗಳ ನಡೆಯಿತು. ಎಲ್ಲರನ್ನೂ ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ನಡುವೆ ಬಂದ ಚಪ್ಪಾಳೆಗಳನ್ನು, ಬೇರೆ ಗುಂಪಿಗೆ ಹೋಗಬೇಕಾಗಿದ್ದ ಒಂದು ಬಿಲ್ಲಿನ ಫೋಟೋವನ್ನು ಬಿಟ್ಟಿದ್ದೇನೆ.

ಸ್ಮಿತಾ: ಹೊಸ ವಿಡಿಯೋ ಬಂತು. ಜೇಡ ರಾತ್ರಿ ಬಲೆ ಕಟ್ಟುವುದು, ಮೊದಲ ಎಳೆಯಿಂದ ಕೊನೆವರೆಗೆ. 12 ನಿಮಿಷ. ಲಿಂಕ್ ಮೇಲಿದೆ. ಇಷ್ಟವಾದರೆ ತಿಂಗಳಿಗೆ ಒಂದಷ್ಟು ಕೊಟ್ಟು ಚಾನೆಲ್‌ಗೆ ಸದಸ್ಯರೂ ಆಗಬಹುದು, ಅದರ ಲಿಂಕ್ ಕೆಳಗಿದೆ. ಕಡ್ಡಾಯ ಏನಿಲ್ಲ.

ದೊಡ್ಡಪ್ಪ: ತುಂಬ ಚೆನ್ನಾಗಿದೆ ಪುಟ್ಟಿ. ಡೌನ್‌ಲೋಡ್ ಮಾಡಿ ನನ್ನ ಆರು ಗುಂಪಿಗೂ ಕಳಿಸಿದೆ. ಎಲ್ಲರೂ ಹೊಗಳಿದರು. ಆದರೆ ಆ ದುಡ್ಡಿನ ಲಿಂಕ್ ತೆಗೆದುಬಿಡು. ನಮ್ಮ ಮನೆ ಹುಡುಗಿ ಕಂಡವರ ಮುಂದೆ ಕೈಯೊಡ್ಡುವುದು ಬೇಡ.

ಸ್ಮಿತಾ: ದೊಡ್ಡಪ್ಪ, ಫೈಲನ್ನೇ ಕಳಿಸಿದಿರಾ? ಲಿಂಕ್ ಅಲ್ವಾ?

ದೊಡ್ಡಪ್ಪ: ಫೈಲೇ. ಲಿಂಕ್ ಒತ್ತಿದರೆ ಮೊದಲು ಜಾಹೀರಾತು ಬರುತ್ತದೆ. ಸುಮ್ನೆ ಜನಕ್ಕೆ ಕಿರಿಕಿರಿ ಯಾಕೆ? ಮತ್ತೆ ಜಾಹೀರಾತಿನ ದುಡ್ಡು ನಿನಗೆ ಬರುತ್ತದಲ್ಲ, ಇನ್ನು ಸದಸ್ಯರು ಯಾಕೆ?

ಸ್ಮಿತಾ: ಆ ಜಾಹೀರಾತಿನಿಂದ ನನಗೆ ಬಿಡಿಗಾಸೂ ಬರುವುದಿಲ್ಲ.

ರಘು ಚಿಕ್ಕಪ್ಪ: ಅದು ಹೇಗೆ? ನಿನ್ನ ವಿಡಿಯೋ, ನಿನ್ನ ಚಾನೆಲ್. ನಾನೇ ನೋಡಿದೆ, ಎರಡು ಜಾಹೀರಾತು ಬಂತು.

ಇಲ್ಲಿ ನಾನು ಬಾಯಿ ಹಾಕಿದೆ. ಸ್ಮಿತಾಳ ವಿಡಿಯೋಗಳಿಗೆ ಸಬ್‌ಟೈಟಲ್ ಹಾಕುವವಳು ನಾನೇ. ಈ ಲೆಕ್ಕ ನನಗೆ ಬಾಯಿಪಾಠ.

ನಾನು: ಚಿಕ್ಕಪ್ಪ, ಯೂಟ್ಯೂಬ್ 2018ರಿಂದ ಒಂದು ಗೆರೆ ಹಾಕಿದೆ. 1000 ಚಂದಾದಾರರು ಇರಬೇಕು. ಹಿಂದಿನ 12 ತಿಂಗಳಲ್ಲಿ ಜನ ಒಟ್ಟು 4000 ಗಂಟೆ ನೋಡಿರಬೇಕು. ಶಾರ್ಟ್ಸ್, ಅಂದರೆ ಚುಟುಕು ವಿಡಿಯೋ ಮಾಡುವವರಿಗೆ ದಾರಿ ಬೇರೆ ಇದೆ, ಇವಳು ಅದನ್ನು ಮಾಡುವುದಿಲ್ಲ. ಗೆರೆ ದಾಟಿದವರಿಗೆ ಜಾಹೀರಾತಿನ ದುಡ್ಡಿನಲ್ಲಿ 55 ಪರ್ಸೆಂಟ್. ದಾಟದವರ ವಿಡಿಯೋ ಮೇಲೂ ಜಾಹೀರಾತು ಹಾಕಬಹುದು, ಪಾಲು ಕೊಡಬೇಕಾಗಿಲ್ಲ ಅಂತ 2020ರಲ್ಲಿ ನಿಯಮ ಮಾಡಿಕೊಂಡರು. ನೀವು ನೋಡಿದ್ದು ಅದು.

ರಘು ಚಿಕ್ಕಪ್ಪ: ಇದು ಅನ್ಯಾಯ ಅಲ್ವಾ?

ಅಣ್ಣ: ಸರ್ವರ್ ಖರ್ಚು ಅವರದು. ಇವಳು ಒಂದು ಪೈಸೆ ಕೊಡದೆ ಅಷ್ಟು ದೊಡ್ಡ ಫೈಲ್ ಇಟ್ಟಿದ್ದಾಳೆ. ಅನ್ಯಾಯ ಅಂತ ನಾನು ಹೇಳುವುದಿಲ್ಲ. ಧಾರಾಳತನ ಅಂತಲೂ ಹೇಳುವುದಿಲ್ಲ.

ನಾನು: 4000 ಗಂಟೆ ಅಂದರೆ ಎಷ್ಟು ಅಂತ ಲೆಕ್ಕ ಹಾಕಿ. 12 ನಿಮಿಷದ ವಿಡಿಯೋವನ್ನು 20,000 ಸಲ ಮೊದಲಿಂದ ಕೊನೆವರೆಗೆ ನೋಡಬೇಕು. ಅರ್ಧಕ್ಕೆ ಬಿಟ್ಟು ಹೋದರೆ 40,000 ಸಲ. ದೊಡ್ಡಪ್ಪನ ಆರು ಗುಂಪಿನವರು ನೋಡಿದ್ದು ಇದರಲ್ಲಿ ಸೊನ್ನೆ. ಫೈಲ್ ಕಳಿಸಿದರೆ ಯಾರು ನೋಡಿದರೂ ಲೆಕ್ಕಕ್ಕೆ ಬರುವುದಿಲ್ಲ.

ದೊಡ್ಡಪ್ಪ: ಲೆಕ್ಕ ಮುಖ್ಯವೋ ಜನ ನೋಡುವುದು ಮುಖ್ಯವೋ? ನನ್ನ ಗುಂಪಿನಲ್ಲಿ ಲಿಂಕ್ ಯಾರೂ ಒತ್ತುವುದಿಲ್ಲ. ಮೋಸದ ಲಿಂಕ್ ಇರಬಹುದು ಅಂತ ಹೆದರುತ್ತಾರೆ. ಫೈಲ್ ಆದರೆ ನೋಡುತ್ತಾರೆ. ನಿನ್ನ ವಿಡಿಯೋ ಜನಕ್ಕೆ ಮುಟ್ಟಬೇಕೋ ಬೇಡವೋ?

(ಇದಕ್ಕೆ ಸ್ವಲ್ಪ ಹೊತ್ತು ಯಾರೂ ಉತ್ತರ ಕೊಡಲಿಲ್ಲ. ದೊಡ್ಡಪ್ಪನ ಮಾತು ಪೂರ್ತಿ ತಳ್ಳಿಹಾಕುವಂಥದ್ದಲ್ಲ.)

ಅಣ್ಣ: ದೊಡ್ಡಪ್ಪ ಹೇಳುವುದು ಹಳೇ ಪದ್ಧತಿ. 2004-05ರಲ್ಲಿ, ಯೂಟ್ಯೂಬ್ ಇನ್ನೂ ಶುರುವಾಗುವ ಹೊತ್ತಿನಲ್ಲಿ, ವಿಡಿಯೋ ಬ್ಲಾಗ್ ಮಾಡುವವರು ಫೈಲನ್ನೇ ಹಂಚುತ್ತಿದ್ದರು. ಆರ್‌ಎಸ್‌ಎಸ್ ಅಂತ ಇಂಟರ್ನೆಟ್ಟಿನ ಒಂದು ವ್ಯವಸ್ಥೆ. ಹೊಸದು ಬಂದರೆ ನೋಡುವವರ ಕಂಪ್ಯೂಟರ್‌ಗೆ ತಾನೇ ಇಳಿಯುತ್ತಿತ್ತು. ತಮಾಷೆ ಏನೆಂದರೆ ಹೆಚ್ಚು ಜನ ನೋಡಿದಷ್ಟೂ ಮಾಡಿದವರಿಗೇ ಬಿಲ್ ಜಾಸ್ತಿ. ಜನಪ್ರಿಯರಾದರೆ ದಿವಾಳಿ. ಎಷ್ಟೋ ಜನ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಇಟ್ಟು ಬಚಾವಾದರು.

ನಾನು: ಆಗ ರೆವ್ವರ್ ಅಂತ ಒಂದು ಕಂಪನಿ ಇತ್ತು. ವಿಡಿಯೋದ ಬಾಲಕ್ಕೆ ಜಾಹೀರಾತು ಅಂಟಿಸುತ್ತಿದ್ದರು. ವಿಡಿಯೋ ಎಲ್ಲೇ ಅಲೆದರೂ ಜಾಹೀರಾತು ಜೊತೆಗೇ ಹೋಗುತ್ತಿತ್ತು. ಬಂದ ದುಡ್ಡನ್ನು ಮಾಡಿದವರ ಜೊತೆ ಹಂಚಿಕೊಳ್ಳುತ್ತಿದ್ದರು. ಬೇರೆಯವರ ವಿಡಿಯೋ ಹಂಚಿದವರಿಗೂ 20 ಪರ್ಸೆಂಟ್ ಇತ್ತು.

ದೊಡ್ಡಪ್ಪ: ಹಂಚಿದವರಿಗೂ! ಹಾಗಾದರೆ ನನಗೆ ಬರಬೇಕಾಗಿದ್ದು ಎಲ್ಲಿ?

ಅಣ್ಣ: ಆ ಕಂಪನಿ ಮುಚ್ಚಿ ಎಷ್ಟೋ ವರ್ಷವಾಯಿತು ದೊಡ್ಡಪ್ಪ.

ಸ್ಮಿತಾ: ಲೆಕ್ಕದ ಮಾತು ಬಿಡಿ. ದೊಡ್ಡಪ್ಪ, ನೀವು ಕಳಿಸಿದ ಫೈಲನ್ನು ಒಂದು ಸಲ ತೆಗೆದು ನೋಡಿ. ನಾಲ್ಕನೇ ನಿಮಿಷ. ಜೇಡ ನಡುವಿನಿಂದ ಸುತ್ತು ಹಾಕಲು ಶುರು ಮಾಡುವ ಜಾಗ. ಎಳೆ ಕಾಣುತ್ತಾ?

ದೊಡ್ಡಪ್ಪ: ತಡಿ.

ದೊಡ್ಡಪ್ಪ: ಜೇಡ ಕಾಣುತ್ತದೆ. ಗಾಳಿಯಲ್ಲಿ ನಡೆಯುತ್ತಿದೆ.

ಸ್ಮಿತಾ: ಅದೇ. ವಾಟ್ಸಾಪ್ ಫೈಲನ್ನು ಹಿಂಡಿ ಸಣ್ಣದು ಮಾಡುತ್ತದೆ. ಕತ್ತಲೆ ಇರುವ ಕಡೆ ಮೊದಲು ಹೋಗುವುದೇ ಸಣ್ಣ ಗೆರೆ. ಆ ಎಳೆ ಹೊಳೆಯಲಿ ಅಂತ ಟಾರ್ಚ್‌ಗೆ ಟಿಶ್ಯೂ ಕಾಗದ ಸುತ್ತಿ ಪಕ್ಕದಿಂದ ಹಿಡಿದಿದ್ದೆ. ಎದುರಿನಿಂದ ಬೆಳಕು ಬಿಟ್ಟರೆ ಎಳೆ ಕಾಣುವುದಿಲ್ಲ, ಹಿಂದಿನ ಗೋಡೆ ಕಾಣುತ್ತದೆ. ತೀರಾ ಹತ್ತಿರ ಹಿಡಿದರೆ ಜೇಡ ಕೆಲಸ ನಿಲ್ಲಿಸುತ್ತದೆ. ಮುಕ್ಕಾಲು ಗಂಟೆ ಉಸಿರು ಬಿಗಿಹಿಡಿದು ನಿಂತು ತೆಗೆದದ್ದು. ಬಲೆ ಕಟ್ಟುವ ವಿಡಿಯೋದಲ್ಲಿ ಬಲೆಯೇ ಇಲ್ಲ ಈಗ.

ಅತ್ತೆ: ಅಯ್ಯೋ, ನನ್ನ ಯೋಗದ ಗುಂಪಿಗೂ ಅದೇ ಫೈಲ್ ಬಂದಿತ್ತು. ‘ಹಾರುವ ಜೇಡ, ಪ್ರಕೃತಿಯ ವಿಸ್ಮಯ’ ಅಂತ ಬರೆದಿದ್ದರು.

ರಘು ಚಿಕ್ಕಪ್ಪ: ಆ ಹೆಸರಿಟ್ಟಿದ್ದರೆ ಓಡುತ್ತಿತ್ತು ನೋಡು ಸ್ಮಿತಾ. ನೀನು ಇಟ್ಟ ಹೆಸರು ಸಪ್ಪೆ. ಇಷ್ಟೆಲ್ಲ ಯಾಕೆ, ಯಾವುದಾದರೂ ಕಂಪನಿ ಹಿಡಿ. ನಡುವೆ ಒಂದು ನಿಮಿಷ ಅವರ ಸಾಮಾನು ತೋರಿಸು. ಒಂದೇ ಸಲ ಕೈತುಂಬ ದುಡ್ಡು.

ಸ್ಮಿತಾ: ಒಂದು ಕಂಪನಿಯಿಂದ ಮೇಲ್ ಬಂದಿತ್ತು ಚಿಕ್ಕಪ್ಪ. ಹುಳ ಸಾಯಿಸುವ ಸ್ಪ್ರೇ ಮಾಡುವವರು.

ರಘು ಚಿಕ್ಕಪ್ಪ: ಮತ್ತೆ?

ಸ್ಮಿತಾ: ಮತ್ತೇನು? ಜೇಡ ಮನೆಯಲ್ಲಿದ್ದರೆ ಸೊಳ್ಳೆ ನೊಣ ಹಿಡಿಯುತ್ತದೆ, ಇರಲಿ ಬಿಡಿ ಅಂತ 12 ನಿಮಿಷ ಹೇಳಿ, 13ನೇ ನಿಮಿಷಕ್ಕೆ ಸ್ಪ್ರೇ ಹೊಡೆಯಲಾ?

(ಚಿಕ್ಕಪ್ಪ ನಗುವ ಮುಖ ಹಾಕಿದರು. ಆದರೂ ‘ಬೇರೆ ಕಂಪನಿ ಹುಡುಕು’ ಅಂತ ಸಂಜೆಯವರೆಗೆ ಬಿಟ್ಟೂ ಬಿಟ್ಟೂ ಬರೆದರು. ಅದನ್ನೆಲ್ಲ ಇಲ್ಲಿ ಹಾಕಿಲ್ಲ.)

ನಾನು: ನಾನು ಹೇಳುವುದು ಇಷ್ಟೇ. ದುಡ್ಡು ಕೊಡುವವರು ಯಾರೋ ಅವರ ಮುಖ ನೋಡಿಕೊಂಡೇ ವಿಡಿಯೋ ಆಗುತ್ತದೆ. ಕಂಪನಿ ಕೊಟ್ಟರೆ ಕಂಪನಿಯ ಮುಖ. ಜಾಹೀರಾತಿನಿಂದ ಬಂದರೆ ಜನ ಎಷ್ಟು ಹೊತ್ತು ಕೂತರು ಅನ್ನುವ ಮೀಟರ್. ನೋಡುವವರೇ ಚೂರು ಚೂರು ಕೊಟ್ಟರೆ ಅವಳು ಜೇಡದ ಮುಂದೆ ಮುಕ್ಕಾಲು ಗಂಟೆ ನಿಲ್ಲಬಹುದು. ಸದಸ್ಯರ ಲಿಂಕ್ ಇರಲಿ.

ದೊಡ್ಡಪ್ಪ: ಚೂರು ಚೂರು ಕೇಳುವುದಕ್ಕೇ ಬೇಡುವುದು ಅನ್ನುವುದು.

ಅಣ್ಣ: ದೊಡ್ಡಪ್ಪ, ನೀವು ಪತ್ರಿಕೆಗೆ ವರ್ಷದ ಚಂದಾ ಕಟ್ಟುತ್ತೀರಿ. ಸಂಪಾದಕರು ಬೇಡುತ್ತಿದ್ದಾರೆ ಅಂತ ಯಾವತ್ತಾದರೂ ಅನಿಸಿದೆಯಾ?

ದೊಡ್ಡಪ್ಪ: ಪತ್ರಿಕೆ ದುಡ್ಡು ಕೊಟ್ಟರೆ ಮಾತ್ರ ಬರುತ್ತದೆ. ಇವಳದು ಕೊಡದಿದ್ದರೂ ಬರುತ್ತದೆ. ಕೊಡದವನಿಗೂ ಸಿಗುವುದಕ್ಕೆ ಕೊಡು ಅಂದರೆ ಅದು ದಾನ. ದಾನ ಕೇಳುವುದು ಬೇಡುವುದೇ.

(ದೊಡ್ಡಪ್ಪ ಕಾನೂನು ಓದಬೇಕಾಗಿತ್ತು.)

ನಾನು: ನೋಡುವವರಿಂದ ದುಡ್ಡು ಎತ್ತುವ ಪೇಟ್ರಿಯಾನ್ ತಾಣ ಶುರು ಮಾಡಿದ ಜ್ಯಾಕ್ ಕಾಂಟಿ ಕೂಡ ವಿಡಿಯೋ ಮಾಡುವವನೇ, ಸಂಗೀತಗಾರ. ತಿಂಗಳುಗಟ್ಟಲೆ ಕೂತು, ಕೈಯಿಂದ ಸಾವಿರಾರು ಡಾಲರ್ ಸುರಿದು ಒಂದು ವಿಡಿಯೋ ಮಾಡಿದ. ಜಾಹೀರಾತಿನಿಂದ ಬರುವುದು ಅದರ ಮುಂದೆ ಚಿಲ್ಲರೆ ಅಂತ ಗೊತ್ತಾಯಿತು. ನೋಡುವವರನ್ನೇ ಕೇಳೋಣ ಅಂತ 2013ರಲ್ಲಿ ಅದನ್ನು ಕಟ್ಟಿದ. ದಾನವೋ ಚಂದಾವೋ, ಅದರಿಂದ ಎಷ್ಟೋ ಜನ ಇವತ್ತು ಬದುಕುತ್ತಿದ್ದಾರೆ.

ಅಣ್ಣ: ಬದುಕುತ್ತಿದ್ದಾರೆ ನಿಜ. ಆದರೆ ಪೇಟ್ರಿಯಾನ್‌ನವರು 2017ರ ಡಿಸೆಂಬರಲ್ಲಿ ಏನು ಮಾಡಿದರು ಗೊತ್ತಾ? ಪ್ರತಿ ಕೊಡುಗೆ ಮೇಲೂ 2.9 ಪರ್ಸೆಂಟ್, ಜೊತೆಗೆ 35 ಸೆಂಟ್, ಕೊಡುವವರ ತಲೆಗೇ ಹಾಕುತ್ತೇವೆ ಅಂದರು. ಒಂದು ಡಾಲರ್ ಕೊಡುವವರಿಗೆ ಅದು ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ. ಸಣ್ಣ ಮೊತ್ತ ಕೊಡುವವರು ಬಿಟ್ಟು ಹೊರಟರು. ಗಲಾಟೆ ಆಗಿ ಆ ತಿಂಗಳೇ ವಾಪಸ್ ತೆಗೆದುಕೊಂಡರು. ಯೂಟ್ಯೂಬ್ ಸದಸ್ಯತ್ವದಲ್ಲೂ ಇವಳಿಗೆ 70 ಪರ್ಸೆಂಟ್, ಉಳಿದದ್ದು ಅವರಿಗೆ. ಅಂದರೆ ನಡುವೆ ಯಾವಾಗಲೂ ಒಬ್ಬ ಕೂತಿರುತ್ತಾನೆ. ನನ್ನ ಕೇಳಿದರೆ ತಿಂಗಳ ಬಾಬ್ತೇ ಬೇಡ. ದುಡ್ಡು ಕೊಟ್ಟವರು ‘ಈ ತಿಂಗಳು ಏನೂ ಬರಲಿಲ್ಲ’ ಅನ್ನುತ್ತಾರೆ. ಒಂದು ಕೆಲಸಕ್ಕೆ ಒಂದು ಸಲ ಎತ್ತು. ಕಿಕ್‌ಸ್ಟಾರ್ಟರ್ ಥರ. ಗುರಿ ಮುಟ್ಟಿದರೆ ದುಡ್ಡು, ಮುಟ್ಟದಿದ್ದರೆ ಯಾರ ದುಡ್ಡೂ ಹೋಗುವುದಿಲ್ಲ. 2006ರಲ್ಲಿ ಜೇ ಫ್ರ್ಯಾಂಕ್ ಒಂದು ವರ್ಷ ವಾರದ ಐದೂ ದಿನ ವಿಡಿಯೋ ಮಾಡಿದವನು, 2012ರಲ್ಲಿ ಮತ್ತೆ ಶುರು ಮಾಡಲು ಹೀಗೇ ಕೇಳಿದ. 1,46,000 ಡಾಲರ್‌ಗೂ ಜಾಸ್ತಿ ಬಂತು.

ಸ್ಮಿತಾ: ಅಣ್ಣ, ಅವನು ಅಷ್ಟು ಹೊತ್ತಿಗೆ ಎಲ್ಲರಿಗೂ ಗೊತ್ತಿದ್ದವನು. ನಾನು ಗುರಿ ಇಟ್ಟರೆ ನೀವು ಮೂರು ಜನ ಬಿಟ್ಟರೆ ಯಾರು ಬರುತ್ತಾರೆ? ಮತ್ತೆ ಜೇಡ ಯಾವಾಗ ಬಲೆ ಕಟ್ಟುತ್ತದೆ ಅಂತ ನಾನು ಮೊದಲೇ ಬರೆದುಕೊಡಲು ಆಗುತ್ತಾ? ನನಗೆ ಬೇಕಾಗಿರುವುದು ಒಂದೇ ಸಲ ದೊಡ್ಡ ಮೊತ್ತ ಅಲ್ಲ. ಪ್ರತಿ ತಿಂಗಳೂ ಇಷ್ಟು ಬರುತ್ತದೆ ಅನ್ನುವ ಧೈರ್ಯ.

ಇಷ್ಟರಲ್ಲಿ ಅಜ್ಜಿಯ ಮಾತು ಬಂತು. ಅತ್ತೆ ಟೈಪ್ ಮಾಡಿದ್ದು.

ಅತ್ತೆ: ಅಮ್ಮ ಕೇಳುತ್ತಿದ್ದಾರೆ. ಬಲೆ ಕಟ್ಟಿದ್ದು ಆಯಿತು, ಹುಳ ಬಿದ್ದದ್ದು ಯಾಕೆ ತೋರಿಸಲಿಲ್ಲ? ಅಷ್ಟು ಕಷ್ಟಪಟ್ಟದ್ದಕ್ಕೆ ಅದಕ್ಕೆ ತಿನ್ನಲು ಸಿಕ್ಕಿತೋ ಇಲ್ಲವೋ?

ಸ್ಮಿತಾ: ಸಿಕ್ಕಿತು ಅಜ್ಜಿ. ಒಂದು ಪತಂಗ. ಅದು ಎರಡನೇ ಭಾಗ. ಸದಸ್ಯರಿಗೆ ಮಾತ್ರ.

ದೊಡ್ಡಪ್ಪ: ಅಜ್ಜಿಗೂ ದುಡ್ಡು ಕೇಳುತ್ತೀಯಾ?!

ಅಣ್ಣ: ನೋಡಿ, ಇದನ್ನೇ ನಾನು ಹೇಳುತ್ತಿದ್ದದ್ದು. ಸದಸ್ಯರಿಗೆ ಏನಾದರೂ ಬೇರೆ ಕೊಡಬೇಕಲ್ಲ, ಅದಕ್ಕೆ ಕತೆಯನ್ನೇ ಕತ್ತರಿಸಿದ್ದಾಳೆ.

ನಾನು: ಸ್ಮಿತಾ, ಇದು ನನಗೂ ಹಿಡಿಸಲಿಲ್ಲ. ಹೇಗೆ ತೆಗೆದೆ, ಯಾವ ಬೆಳಕು, ಎಲ್ಲಿ ಕೆಟ್ಟಿತು ಅನ್ನುವುದನ್ನು ಸದಸ್ಯರಿಗೆ ಕೊಡು. ಕಪಾಟಿನೊಳಗೆ ಬಟ್ಟೆಗಳ ನಡುವೆ ಕೂತು ದನಿ ರೆಕಾರ್ಡ್ ಮಾಡುವುದನ್ನು ತೋರಿಸು. ಅದನ್ನು ನೋಡಲು ನಾನೇ ದುಡ್ಡು ಕೊಡುತ್ತೇನೆ. ಪತಂಗ ಎಲ್ಲರಿಗೂ ಸಿಗಲಿ.

ಸ್ಮಿತಾ: ಅಕ್ಕ, ಕಪಾಟು ನೋಡಲು ನಿನ್ನಂಥವರು ಎಷ್ಟು ಜನ ಇದ್ದಾರೆ? ಸದಸ್ಯರು ಒಂದು ವಾರ ಮೊದಲು ನೋಡುತ್ತಾರೆ, ಆಮೇಲೆ ಎಲ್ಲರಿಗೂ ತೆರೆಯುತ್ತೇನೆ. ಬಚ್ಚಿಟ್ಟಿಲ್ಲ. ವಾರ ಕಾಯಲು ಆಗದವರು ಕೊಡಲಿ.

ಅತ್ತೆ: ಅಮ್ಮ ಕಾಯುವುದಿಲ್ಲವಂತೆ.

ಸ್ಮಿತಾ: ಅಜ್ಜಿಗೆ ನಾನೇ ಬಂದು ತೋರಿಸುತ್ತೇನೆ.

ದೊಡ್ಡಪ್ಪ: ಸರಿ. ಆರು ಗುಂಪಿಗೂ ಈಗ ಲಿಂಕ್ ಹಾಕಿದ್ದೇನೆ. ‘ಮೊದಲು ಕಳಿಸಿದ್ದು ನೋಡಬೇಡಿ, ಅದರಲ್ಲಿ ಬಲೆ ಇಲ್ಲ. ಇದು ನಮ್ಮ ಹುಡುಗಿಯೇ ಮಾಡಿದ್ದು, ಲಿಂಕ್ ಮೋಸದ್ದಲ್ಲ, ನನ್ನ ಜವಾಬ್ದಾರಿ’ ಅಂತ ಬರೆದಿದ್ದೇನೆ. ಎರಡನೇ ಲಿಂಕ್ ಹಾಕಿಲ್ಲ. ನಾನು ಸದಸ್ಯನೂ ಆಗುವುದಿಲ್ಲ.

ಸ್ಮಿತಾ: ಮೊದಲ ಲಿಂಕ್ ಹಾಕಿದ್ದೇ ದೊಡ್ಡದು. ಥ್ಯಾಂಕ್ಸ್ ದೊಡ್ಡಪ್ಪ.

ದೊಡ್ಡಪ್ಪ: ದುಡ್ಡು ಬೇಕಿದ್ದರೆ ಮನೆಯಲ್ಲಿ ಕೇಳು. ಒಳ್ಳೆ ಮೈಕ್ ಕೊಡಿಸಲಾ?

ಅಣ್ಣ: ಮೈಕ್ ಬೇಡ, ಹಾರ್ಡ್ ಡಿಸ್ಕ್ ಕೊಡಿಸಿ. ಇವಳ ಮೂಲ ಫೈಲೆಲ್ಲ ಆ ಹಳೇ ಲ್ಯಾಪ್‌ಟಾಪ್ ಒಂದರಲ್ಲೇ ಇದೆ. ಬ್ಲಿಪ್ ಅಂತ ಒಂದು ತಾಣ ಇತ್ತು, 2005ರಲ್ಲಿ ಶುರುವಾದದ್ದು, ಒಂಟಿಯಾಗಿ ಸರಣಿ ಮಾಡುವವರಿಗೆ ಅಚ್ಚುಮೆಚ್ಚು. 2015ರಲ್ಲಿ ಬಾಗಿಲು ಹಾಕಿದರು. ಮೂಲ ಪ್ರತಿ ಇಟ್ಟುಕೊಳ್ಳದವರ ಕೆಲಸ ಅದರ ಜೊತೆಗೇ ಹೋಯಿತು.

ಸ್ಮಿತಾ: ಎರಡು ಬೇಕು ದೊಡ್ಡಪ್ಪ. ಒಂದು ಕೆಟ್ಟರೆ ಇನ್ನೊಂದು. ಒಂದನ್ನು ನಿಮ್ಮ ಮನೆಯಲ್ಲೇ ಇಡುತ್ತೇನೆ.

ದೊಡ್ಡಪ್ಪ: ಎರಡಾ?

ರಘು ಚಿಕ್ಕಪ್ಪ: ಹಾರ್ಡ್ ಡಿಸ್ಕ್ ಕಂಪನಿಯನ್ನೇ ಸ್ಪಾನ್ಸರ್ ಕೇಳಬಹುದಲ್ಲ ಸ್ಮಿತಾ?