ಅಪ್‌ಡೇಟ್: ಪೆರು ಸುತ್ತಿ ಬಂದೆವು

ಅಪ್ಪ ಅಮ್ಮನ ಜೊತೆ ಪೆರುಗೆ ಹೊರಟಿದ್ದೇವೆ, ಅಲ್ಲಿನ ಬೆಟ್ಟದೂರು ಕುಸ್ಕೊದ ಎತ್ತರ ಮತ್ತು ಸಸ್ಯಾಹಾರದ್ದೇ ಚಿಂತೆ ಅಂತ ಹೋದ ತಿಂಗಳು ಕೇಳಿದ್ದೆ ಅಲ್ವಾ? ಮೊನ್ನೆ ವಾಪಸ್ ಬಂದೆವು.

ರಾಜಧಾನಿ ಲಿಮಾ ಸಮುದ್ರದ ಪಕ್ಕದ ಊರು. ಕುಸ್ಕೊ ಸುಮಾರು 3,400 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು, ಒಮ್ಮೆಲೇ ಹೋದರೆ ತಲೆನೋವು ಬರಬಹುದು. ನೀವು ಹೇಳಿದಂತೆ ವಿಮಾನ ಇಳಿದವರೇ ಅಲ್ಲಿ ನಿಲ್ಲದೆ, ಸುಮಾರು 2,800 ಮೀಟರ್‌ನ ಒಯಾಂತೈತಾಂಬೊಗೆ ಹೋಗಿ ಎರಡು ರಾತ್ರಿ ಉಳಿದೆವು. ಅಪ್ಪ ಅಮ್ಮ ಆರಾಮಾಗಿದ್ದರು. ಮೊದಲ ದಿನವೇ ಜಂಬದಿಂದ ಅಲ್ಲಿನ ಇಂಕಾ ಅರಸರ ಕಾಲದ ಮೆಟ್ಟಿಲು ಹತ್ತಿದ ನನಗೇ ತಲೆನೋವು! ಕೋಕಾ ಎಲೆಯ ಚಹಾ ಕುಡಿದೆ. ಆದರೆ ವಾಸಿ ಮಾಡಿದ್ದು ನಿದ್ದೆಯೇ ಇರಬೇಕು. ಆ ಎಲೆ ಅಲ್ಲಿ ಸಂತೆಯಲ್ಲೇ ಸಿಗುತ್ತದೆ, ನಮ್ಮ ದೇಶದಲ್ಲಿ ನಿಷಿದ್ಧ. ನೆನಪಿಗೆ ಅಂತ ಸುಮ್ನೆ ತರಬೇಡಿ.

ಊಟಕ್ಕೆ ‘ಸಿನ್ ಕಾರ್ನೆ’, ಅಂದರೆ ಮಾಂಸ ಬೇಡ ಅಂದರೆ ಸಾಲದು. ಕೋಳಿ ಬಂದುಬಿಡುತ್ತದೆ! ‘ಸಿನ್ ಪೊಯೊ, ಸಿನ್ ಪೆಸ್ಕಾದೊ’, ಅಂದರೆ ಕೋಳಿ ಬೇಡ, ಮೀನು ಬೇಡ ಅಂತಲೂ ಹೇಳಿ. ಕಿನೋವಾ ಅನ್ನೋ ಕಾಳಿನ ಸೂಪನ್ನೂ ಎಷ್ಟೋ ಕಡೆ ಕೋಳಿ ಬೇಯಿಸಿದ ನೀರಲ್ಲಿ ಮಾಡುತ್ತಾರೆ. ಬೇಯಿಸಿದ ಆಲೂಗಡ್ಡೆಗೆ ಅಮ್ಮನ ಚಟ್ನಿಪುಡಿ ಹಚ್ಚಿಕೊಂಡು ಎಷ್ಟೋ ಹೊತ್ತಿನ ಊಟ ಮುಗಿಸಿದೆವು.

ಇಂಕಾ ಕಾಲದ ಹಾಳೂರು ಮಾಚು ಪಿಚುಗೆ ಟಿಕೆಟ್ ಜೊತೆ ಅಸಲಿ ಪಾಸ್‌ಪೋರ್ಟ್ ಬೇಕು. ಅಪ್ಪ ತಮ್ಮದನ್ನು ಹೋಟೆಲ್‌ನಲ್ಲೇ ಬಿಟ್ಟಿದ್ದರು. ಬಸ್ ಹತ್ತುವ ಮುಂಚೆ ನೆನಪಾಯಿತು, ಓಡಿದ್ದು ನಾನು.