ಸಹಾಯ ಬೇಕು: ಹಳೇ ಕೇಸು, ಇಂಗ್ಲೆಂಡಿನ ಶಾಲೆ ಕೆಲಸ, ಡಿಬಿಎಸ್ ಫಾರ್ಮ್

ನಮಸ್ಕಾರ. ಇಂಗ್ಲೆಂಡಿನಲ್ಲಿರೋ ನಮ್ಮ ಭಾವನ ಪರವಾಗಿ ಕೇಳ್ತಿದ್ದೀನಿ. 2018ರಲ್ಲಿ ಕುಡಿದು ಗಾಡಿ ಓಡಿಸಿದ ಕೇಸಲ್ಲಿ ಕೋರ್ಟು ದಂಡ ಹಾಕಿ, ಡ್ರೈವಿಂಗ್‌ಗೆ ತಡೆ ಕೊಟ್ಟಿತ್ತು. ಐದು ವರ್ಷ ಕಳೆದು ಅದೀಗ 'ಸ್ಪೆಂಟ್', ಅಂದ್ರೆ ಕಾನೂನಿನ ಪ್ರಕಾರ ಅವಧಿ ಮುಗಿದ ಶಿಕ್ಷೆ. ಮಾಮೂಲಿ ಆಫೀಸ್ ಕೆಲಸಕ್ಕೆ ಹೇಳಬೇಕಿಲ್ಲ.

ಈಗ ಪ್ರೈಮರಿ ಶಾಲೆಯಲ್ಲಿ ಟೀಚಿಂಗ್ ಅಸಿಸ್ಟೆಂಟ್ ಕೆಲಸಕ್ಕೆ ಶಾರ್ಟ್‌ಲಿಸ್ಟ್ ಆಗಿದ್ದಾರೆ. ಅದಕ್ಕೆ ಎನ್‌ಹಾನ್ಸ್ಡ್ ಡಿಬಿಎಸ್ (ಹಳೇ ಕೇಸುಗಳ ಸರ್ಕಾರಿ ತಪಾಸಣೆ, ಅದರಲ್ಲೂ ಹೆಚ್ಚು ವಿವರವಾದದ್ದು) ಬೇಕು. ಜೈಲಾಗದಿದ್ದರೂ 11 ವರ್ಷ ತುಂಬೋ ತನಕ ಶಿಕ್ಷೆ ಅದರಲ್ಲಿ ಕಾಣುತ್ತೆ, ಅಂದ್ರೆ 2029ರವರೆಗೆ. ಫಾರ್ಮಲ್ಲಿ 'ಪ್ರೊಟೆಕ್ಟೆಡ್ ಅಲ್ಲದ ಶಿಕ್ಷೆ ಇದೆಯಾ?' ಅಂತ ಕೇಳಿದ್ದಾರೆ (ಪ್ರೊಟೆಕ್ಟೆಡ್ ಅಂದ್ರೆ ಡಿಬಿಎಸ್‌ನಲ್ಲಿ ಕಾಣದ, ಹೇಳಬೇಕಿಲ್ಲದ ಶಿಕ್ಷೆ). ಅಕ್ಕ 'ಇಲ್ಲ' ಅಂತ ಟಿಕ್ ಮಾಡಿ ಅಂತಾಳೆ. ಮುಚ್ಚಿಟ್ಟಿದ್ದು ಸಿಕ್ಕಿಬಿದ್ರೆ ಕೇಸಿಗಿಂತ ಅದೇ ದೊಡ್ಡದಾಗುತ್ತೆ ಅಂತ ನನ್ನ ವಾದ.

ಅಲ್ಲಿನ ಶಾಲೆಗಳಲ್ಲಿ ಇರೋರು ಹೇಳಿ: ವಿವರ ಫಾರ್ಮಲ್ಲೇ ಬರೀಬೇಕಾ, ಹೆಡ್ ಟೀಚರ್‌ಗೆ ಬೇರೆ ಪತ್ರ ಕೊಡಬಹುದಾ? ಇಂಟರ್‌ವ್ಯೂ ಮುಂದಿನ ಗುರುವಾರ.