ಸಹಾಯ ಬೇಕು: ಶಾಲಾ ಪ್ರವಾಸದ ವೆಚ್ಚದ ವಿವರ ಕೇಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನನ್ನ ಮಗಳ ಶಾಲೆಯಲ್ಲಿ ಎರಡು ದಿನಗಳ ಶೈಕ್ಷಣಿಕ ಪ್ರವಾಸ ಏರ್ಪಡಿಸಿದ್ದು, ನಮಗೆ ಬಂದ ಸುತ್ತೋಲೆಯಲ್ಲಿ ಒಟ್ಟು ಮೊತ್ತ, ಹಣ ಕಟ್ಟುವ ಕೊನೆಯ ದಿನಾಂಕ ಮತ್ತು ಕಾರ್ಯಕ್ರಮದ ಪಟ್ಟಿ ಬಿಟ್ಟರೆ ಬೇರೇನೂ ಇಲ್ಲ. ಬಸ್ಸಿನ ಬಾಡಿಗೆ ಮಕ್ಕಳು ಕಡಿಮೆಯಾದರೂ ಇಳಿಯುವುದಿಲ್ಲ, ಊಟ ಮತ್ತು ಪ್ರವೇಶ ಶುಲ್ಕ ಮಾತ್ರ ತಲೆಲೆಕ್ಕದಲ್ಲಿ ಬದಲಾಗುತ್ತವೆ. ಹಾಗಾಗಿ ಕೆಲವರು ಹಿಂದೆ ಸರಿದರೆ ಉಳಿದವರ ಪಾಲು ಹೆಚ್ಚುತ್ತದೆಯೇ, ಜೊತೆಗೆ ಹೋಗುವ ಶಿಕ್ಷಕರ ಖರ್ಚೂ ಇದರಲ್ಲೇ ಸೇರಿದೆಯೇ, ಹೊರಡುವ ಹಿಂದಿನ ದಿನ ಮಗುವಿಗೆ ಜ್ವರ ಬಂದರೆ ಕಟ್ಟಿದ ಹಣ ಮರಳುತ್ತದೆಯೇ ಎಂಬುದು ತಿಳಿಯಬೇಕಿತ್ತು. ತರಗತಿಯ ಶಿಕ್ಷಕಿಯನ್ನು ವಿಚಾರಿಸಿದರೆ ಕಚೇರಿಯತ್ತ ಕೈ ತೋರಿಸಿದರು, ಕಚೇರಿಯವರು ಪ್ರವಾಸ ಸಂಸ್ಥೆ ಹೇಳಿದ ದರವೇ ಅಂತಿಮವೆಂದರು. ಇಮೇಲ್‌ಗೆ ಉತ್ತರವಿಲ್ಲ.

ಹಣಕ್ಕಿಂತ ನನ್ನನ್ನು ಹೆಚ್ಚು ಕಾಡುತ್ತಿರುವುದು ಆ ಪಟ್ಟಿ: ವಸ್ತುಸಂಗ್ರಹಾಲಯಕ್ಕೆ ಒಂದು ಗಂಟೆ, ವಾಟರ್ ಪಾರ್ಕಿಗೆ ಇಡೀ ದಿನ. ಮಕ್ಕಳು ಆಡಬಾರದೆಂದಲ್ಲ, ಆದರೆ ಅದನ್ನು ಪಠ್ಯಕ್ಕೆ ಪೂರಕವೆಂದು ಕರೆಯುವುದು ಅತಿಯಾಯಿತು. ಇತ್ತ ಮಗಳು, ಗೆಳತಿಯರೆಲ್ಲ ಹೆಸರು ಕೊಟ್ಟಿದ್ದಾರೆಂದು ದಿನವೂ ದುಂಬಾಲು ಬಿದ್ದಿದ್ದಾಳೆ.

ಶಾಲೆಯ ಮುನಿಸು ಮಗಳ ಮೇಲೆ ತಿರುಗದಂತೆ, ವೆಚ್ಚದ ವಿಂಗಡಣೆಯನ್ನೂ ಮರುಪಾವತಿಯ ನಿಯಮವನ್ನೂ ಲಿಖಿತವಾಗಿ ಪಡೆಯಲು ಪೋಷಕರೆಲ್ಲ ಸೇರಿ ಮನವಿ ಸಲ್ಲಿಸುವುದು ಸೂಕ್ತವೇ, ಅಥವಾ ನಾನೊಬ್ಬಳೇ ಮುಖ್ಯೋಪಾಧ್ಯಾಯರನ್ನು ಭೇಟಿಯಾಗುವುದು ಒಳ್ಳೆಯದೇ? ಇಂತಹ ವಿವರ ಪಡೆದವರಿದ್ದರೆ, ಯಾವ ದಾರಿ ಹಿಡಿದಿರಿ ಎಂದು ದಯವಿಟ್ಟು ತಿಳಿಸುವಿರಾ?